ಬೇಲಿ ಆಟಕ್ಕೆ ಬದಲಿ ಕೂತ ಡಬ್ಬ

ನಮ್ಮೂರಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಚೀಟಿ ಎತ್ತುವ ಪದ್ಧತಿ ಇರಲಿಲ್ಲ. ಚೀಟಿ ಎತ್ತಿದರೆ ಭಾರವನ್ನು ದೇವರ ಮೇಲೆ ಹಾಕಿದಂತೆ, ಆಮೇಲೆ ಕೆಟ್ಟ ಪಾಲು ಬಂದವನು ದೇವರನ್ನು ಬಯ್ಯುತ್ತಾನೆ ಎಂದು ಹಿಂದಿನವರು ಹೇಳುತ್ತಿದ್ದರು. ಅದಕ್ಕೇ ಆಸ್ತಿಯನ್ನು ಎರಡು ಪಾಲು ಮಾಡಿ, ಮಾರಿಗುಡಿ ಮುಂದಿನ ಚಪ್ಪಡಿಯ ಹತ್ತಿರ ಇಬ್ಬರನ್ನೂ ಎದುರುಬದುರು ಕೂರಿಸಿ ಬೇಲಿ ಆಟ ಆಡಿಸುವುದು. ಗೆದ್ದವನು ಮೊದಲು ಪಾಲು ಆರಿಸಿಕೊಳ್ಳುತ್ತಾನೆ, ಉಳಿದದ್ದು ಸೋತವನಿಗೆ. ಸೋತವನು ಬಯ್ಯುವುದಾದರೆ ತನ್ನ ತಲೆಯನ್ನೇ ಬಯ್ದುಕೊಳ್ಳಬೇಕು.

ಆಟವೇನೋ ಸುಲಭ. ಚಪ್ಪಡಿಯ ಮೇಲೆ ಯಾವ ಕಾಲದಲ್ಲೋ ಉಳಿಯಿಂದ ಕೊರೆದ ಚೌಕದ ಮನೆಗಳಿವೆ. ಒಬ್ಬನಿಗೆ ಹುಣಸೆ ಬೀಜ, ಇನ್ನೊಬ್ಬನಿಗೆ ಬಿಳಿ ಬೆಣಚುಕಲ್ಲು. ಒಬ್ಬರಾದ ಮೇಲೆ ಒಬ್ಬರು ಒಂದೊಂದು ಕಾಯಿ ಇಡುತ್ತಾ ಹೋಗುವುದು. ನಿನ್ನ ಕಾಯಿಗಳಿಂದ ಸುತ್ತ ಬೇಲಿ ಮುಚ್ಚಿದರೆ ಒಳಗಿನ ಮನೆಗಳೆಲ್ಲ ನಿನ್ನವು. ಒಳಗೆ ಎದುರಿನವನ ಕಾಯಿ ಸಿಕ್ಕಿಕೊಂಡಿದ್ದರೆ ಅದು ಸತ್ತ ಹಾಗೆ. ಜಾಗ ತುಂಬಿದ ಮೇಲೆ ಯಾರ ಬೇಲಿಯೊಳಗೆ ಹೆಚ್ಚು ಮನೆ ಇದೆಯೋ ಅವನು ಗೆದ್ದ. ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಆಟ ಮುಗಿಯುತ್ತದೆ. ದನ ಮೇಯಿಸುವವರು ಆಡುತ್ತಾರೆ, ಹೆಂಗಸರು ಹೊಗೆಸೊಪ್ಪು ಕಟ್ಟುವಾಗ ಬಿಡುವು ಸಿಕ್ಕರೆ ಇದ್ದಲಿನಲ್ಲಿ ಗೆರೆ ಎಳೆದು ಆಡುತ್ತಾರೆ.

ಪಾಲಿನ ಆಟಕ್ಕೆ ಮಾತ್ರ ಇನ್ನೊಂದು ಕಟ್ಟಳೆ ಇತ್ತು. ಇಬ್ಬರಲ್ಲಿ ಒಬ್ಬನಿಗೆ ಆಟ ಚೆನ್ನಾಗಿ ಬರದಿದ್ದರೆ ಅವನು ತನ್ನ ಬದಲಿಗೆ ಇನ್ನೊಬ್ಬರನ್ನು ಕೂರಿಸಬಹುದು. ಆದರೆ ಹಾಗೆ ಬದಲಿ ಕೂರುವವನು ಎದುರಾಳಿಯ ಕೈಯಲ್ಲಿ ಮೊದಲೇ ಸೋತವನಾಗಿರಬೇಕು, ಆ ಸೋಲನ್ನು ನಾಲ್ಕು ಜನ ಕಂಡಿರಬೇಕು. ಇಲ್ಲದಿದ್ದರೆ ದುಡ್ಡಿದ್ದವನು ಎಲ್ಲಿಂದಲೋ ಗಟ್ಟಿಗನನ್ನು ಕರೆತಂದುಬಿಡುತ್ತಾನಲ್ಲ. ಬದಲಿ ಕೂತವನು ನಿಜವಾಗಿ ಸೋತವನಲ್ಲ ಎಂದು ಆಮೇಲೆ ಗೊತ್ತಾದರೆ ಆಟ ಬಿದ್ದುಹೋಗುತ್ತದೆ. ಆಗ ಅಣ್ಣತಮ್ಮಂದಿರೇ ಮತ್ತೆ ಕಲ್ಲಿನ ಮುಂದೆ ಕೂರಬೇಕು, ಬದಲಿಯ ಮಾತೇ ಇಲ್ಲ.

ಸೋಮಯ್ಯ ತೀರಿಕೊಂಡು ತಿಥಿ ಮುಗಿದ ಮೇಲೆ ಅವನ ಇಬ್ಬರು ಮಕ್ಕಳು ಬೇರೆಯಾಗುತ್ತೇವೆ ಎಂದರು. ಎರಡು ಸಾವಿರದ ಮೂರನೇ ಇಸವಿಯೋ ನಾಲ್ಕೋ ಇರಬೇಕು, ಬೆಟ್ಟದಪುರದ ರಸ್ತೆಗೆ ಹೊಸದಾಗಿ ಟಾರು ಬಿದ್ದಿತ್ತು. ದೊಡ್ಡವನು ಜವರಯ್ಯ, ಚಿಕ್ಕವನು ಚೆಲುವರಾಜು. ಊರಿನ ಯಜಮಾನ ಮಂಟಯ್ಯ ಆಸ್ತಿಯನ್ನು ಎರಡು ಮಾಡಿದ. ಒಂದು ಪಾಲು ರಸ್ತೆ ಪಕ್ಕದ ಹೊಲ, ಅದರಲ್ಲಿದ್ದ ಹೊಗೆಸೊಪ್ಪಿನ ಬ್ಯಾರನ್. ಇನ್ನೊಂದು ಪಾಲು ನಾಲೆಯ ತುದಿಯ ಗದ್ದೆ. ಅಳತೆಗೆ ಎರಡೂ ಸಮ. ಬದುಕಿಗೆ ಸಮವಲ್ಲ. ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಇಟ್ಟಿಗೆಯ ಗೂಡು ಮಾತ್ರವಲ್ಲ, ಅದರ ಜೊತೆಗೆ ಲೈಸೆನ್ಸ್ ಇರುತ್ತದೆ. ಲೈಸೆನ್ಸ್ ಇದ್ದವನ ಸೊಪ್ಪು ಹರಾಜು ಕಟ್ಟೆಗೆ ಹೋಗುತ್ತದೆ, ಇಲ್ಲದವನು ಇದ್ದವನ ಬಾಗಿಲಲ್ಲಿ ನಿಲ್ಲುತ್ತಾನೆ. ಅದನ್ನು ಇಬ್ಬರಿಗೆ ಕತ್ತರಿಸಿಕೊಡಲು ಬರುವುದಿಲ್ಲ, ಹೊಸದು ಸಿಗುವುದೂ ದುಸ್ತರ. ನಾಲೆಯ ತುದಿಯ ಗದ್ದೆಗೋ, ಮೇಲಿನವರೆಲ್ಲ ಹಾಯಿಸಿಕೊಂಡ ಮೇಲೆ ಉಳಿದರೆ ನೀರು.

ಆ ಬ್ಯಾರನ್ನಿನ ಬೆಂಕಿ ನೋಡಿಕೊಂಡವನು ಜವರಯ್ಯನೇ. ಅವನ ಹೆಂಡತಿ ಕುಳ್ಳಮ್ಮ ಮದುವೆಯಾಗಿ ಬಂದ ವರ್ಷದಿಂದ ಅಲ್ಲಿ ಗೂಡಿನೊಳಗೆ ತೂಗುಹಾಕುವ ಕಡ್ಡಿಗೆ ಸೊಪ್ಪು ಕಟ್ಟಿದವಳು. ಮಗಳು ಪುಟ್ಟಿ ಪಿಯುಸಿ ಮುಗಿಸಿದ್ದಳು. ಬ್ಯಾರನ್ ಉಳಿದರೆ ಅವರದ್ದು ಸ್ವಂತ ಬೇಸಾಯದ ಮನೆ, ಹೋದರೆ ಕೂಲಿಯ ಮನೆ. ಇದು ಊರಿಗೆಲ್ಲ ಗೊತ್ತಿತ್ತು.

ಚೆಲುವರಾಜು ಉಳುವವನಲ್ಲ. ಪಿರಿಯಾಪಟ್ಟಣದ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಜೆರಾಕ್ಸ್, ಟೈಪಿಂಗ್, ಹುಡುಗ ಹುಡುಗಿಯರಿಗೆ ಪಾಠ. ಆದರೆ ಬ್ಯಾರನ್ ಅವನಿಗೂ ಬೇಕಾಗಿತ್ತು, ಆಳು ಇಟ್ಟು ನಡೆಸಬಹುದಲ್ಲ.

ಆದರೂ ಊರವರು ಬ್ಯಾರನ್ ಜವರಯ್ಯನದೇ ಎಂದುಕೊಂಡಿದ್ದರು. ಏಕೆಂದರೆ ಬೇಲಿ ಆಟದಲ್ಲಿ ಅವನನ್ನು ಸೋಲಿಸಿದವರನ್ನು ನಾನಂತೂ ಕಾಣೆ. ಗೆದ್ದು ಸುಮ್ಮನಿರುವ ಗುಣ ಮಾತ್ರ ಅವನಿಗಿರಲಿಲ್ಲ. ಸೋತವನ ಮುಖದ ಮುಂದೆ ತೊಡೆ ತಟ್ಟುತ್ತಿದ್ದ. ಚೆಲುವರಾಜು ಚಡ್ಡಿ ಹಾಕುವ ಕಾಲದಿಂದ ಅಣ್ಣನ ಎದುರು ಸೋತವನು. ಪ್ರತಿ ಸಲವೂ ಜವರಯ್ಯ ಹುಣಸೆ ಬೀಜಗಳನ್ನು ತಮ್ಮನ ಜೇಬಿಗೆ ತುಂಬಿ, "ತಗಾ, ಇವನ್ನಾದ್ರೂ ಹುರ್ಕೊಂಡು ತಿನ್ನು. ಬೇರೆ ಏನೂ ನಿನ್ ಕೈಲಿ ಆಗಾಕಿಲ್ಲ," ಎನ್ನುತ್ತಿದ್ದ. ಕೂತವರೆಲ್ಲ ನಗುತ್ತಿದ್ದರು. ಚೆಲುವರಾಜುವೂ ನಗುತ್ತಿದ್ದ.

ಪಾಲಿನ ಮಾತು ಎದ್ದ ಹೊಸದರಲ್ಲಿ ಒಂದು ಸಂತೆಯ ದಿನ ಚೆಲುವರಾಜು ಅಣ್ಣನನ್ನು ಸೆಂಟರಿಗೆ ಕರೆದುಕೊಂಡು ಹೋದ.

"ಅಣ್ಣ, ನಮ್ ಬೇಲಿ ಆಟನ ಡಬ್ಬದೊಳಕ್ಕೆ ಇಳಿಸಿವ್ನಿ, ಬಾ ನೋಡು."

"ಯಾರ್ಲಾ ಇಳಿಸ್ದೋರು?"

"ನಮ್ ಸೆಂಟರ್ ಮೇಷ್ಟ್ರು, ನಂಜುಂಡಸ್ವಾಮಿ ಅಂತ. ಮೈಸೂರಲ್ಲಿ ಡಿಪ್ಲೊಮಾ ಓದವ್ರೆ."

"ಅವನಿಗೆ ಬತ್ತದಾ ಆಟ?"

"ಅವರಿಗೆ ಬರಾಕಿಲ್ಲ. ಡಬ್ಬಕ್ಕೆ ಬತ್ತದೆ."

"ಆಟನೇ ಬರ್ದೋನು ಡಬ್ಬಕ್ಕೆ ಕಲಿಸ್ದ್ನಾ? ಎಮ್ಮೆಗೆ ಈಯೋದ ಕೋಣ ಏಳ್ಕೊಟ್ಟಂಗಾಯ್ತು ಬುಡು!"

ನಂಜುಂಡಸ್ವಾಮಿ ಪಕ್ಕದಲ್ಲೇ ಇದ್ದ. ಒಳ್ಳೆಯ ಹುಡುಗ, ನಕ್ಕು ಕುರ್ಚಿ ಎಳೆದುಕೊಟ್ಟ. ಚೆಲುವರಾಜು ತಾನೇ ಬಗ್ಗಿ ಆಟ ತೆರೆದ. ಪರದೆಯ ಮೇಲೆ ನಮ್ಮ ಚಪ್ಪಡಿಯಂಥದೇ ಚೌಕ ಮೂಡಿತು. ಒಂದು ಕಡೆಯ ಕಾಯಿ ಕಂದು, ಇನ್ನೊಂದು ಕಡೆಯದು ಬಿಳಿ. ಕೈಯಡಿಯ ಮೌಸನ್ನು ಜರುಗಿಸಿ, ಬೇಕಾದ ಮನೆಗೆ ಬಂದಾಗ ಒತ್ತಿದರೆ ಕಾಯಿ ಬೀಳುತ್ತದೆ. ನೀನು ಒಂದು ಇಟ್ಟರೆ ಡಬ್ಬ ತಾನಾಗಿ ಒಂದು ಇಡುತ್ತದೆ. ಜವರಯ್ಯನ ಒರಟು ಕೈಗೆ ಮೌಸ್ ಮೊದಲು ಜಾರಿತು. ಸ್ವಲ್ಪ ಹೊತ್ತಿಗೆ ಹಿಡಿತ ಸಿಕ್ಕಿತು. ಸಿಕ್ಕ ಮೇಲೆ ಡಬ್ಬಕ್ಕೆ ಉಸಿರಾಡಲು ಬಿಡಲಿಲ್ಲ. ಮೂಲೆ ಹಿಡಿದ, ನಡುವೆ ಸೀಳಿದ, ಅದರ ಬಿಳಿ ಕಾಯಿಗಳನ್ನೆಲ್ಲ ತನ್ನ ಬೇಲಿಯೊಳಗೆ ಹಾಕಿ ಮುಚ್ಚಿದ.

ಬಸ್ಸಿಗೆ ಕಾದಿದ್ದ ಜನ ಬಾಗಿಲಲ್ಲಿ ಮುತ್ತಿಕೊಂಡರು. "ಅಳ್ಳಿಯವ್ನು ಕಂಪ್ಯೂಟ್ರನ್ನ ಸೋಲಿಸ್ಬುಟ್ಟ ಕಣ್ರೋ!" ಎಂದು ಯಾರೋ ಕೂಗಿದರು. ಚಪ್ಪಾಳೆ ಬಿತ್ತು. ಜವರಯ್ಯ ಪರದೆಯ ಮುಂದೆಯೇ ತೊಡೆ ತಟ್ಟಿದ.

"ಇನ್ನೊಂದಾಟ ಹಾಕ್ಲಾ," ಎಂದ.

ಅದು ರೂಢಿಯಾಯಿತು. ಸಂತೆಯ ದಿನ ಬಂತೆಂದರೆ ಜವರಯ್ಯ ಬಿಳಿ ಅಂಗಿ ತೊಟ್ಟು ಬಸ್ ಹತ್ತುವನು. ಚೆಲುವರಾಜು ಟೀ ತರಿಸುವನು, ಬಗ್ಗಿ ಆಟ ತೆರೆದುಕೊಡುವನು, ಹಿಂದೆ ಸರಿದು ಕೈ ಕಟ್ಟಿ ನಿಲ್ಲುವನು. ಜವರಯ್ಯ ಗೆಲ್ಲುವನು. ಹರಾಜು ಕಟ್ಟೆಗೆ ಸೊಪ್ಪು ತಂದವರು, ಕುಶಾಲನಗರದ ಬಸ್ಸಿಗೆ ನಿಂತವರು, ಎಲ್ಲರೂ ನೋಡಿದರು. ನಾನೂ ನೋಡಿದೆ.

ಒಂದು ವಿಷಯ ನಮಗೆ ಆಮೇಲೆ ತಿಳಿದದ್ದು, ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಹೇಳುವ ಚಾಳಿ ನನಗಿಲ್ಲ. ಆ ಆಟ ತೆರೆದ ಕೂಡಲೇ ಮೂರು ಮಾತು ಕೇಳುತ್ತಿತ್ತು: ಸುಲಭವೋ, ಮಧ್ಯಮವೋ, ಕಷ್ಟವೋ ಎಂದು. ಸುಲಭ ಒತ್ತಿದರೆ ಡಬ್ಬ ಎಳೆಮಗುವಿನ ಹಾಗೆ ಎಲ್ಲಿ ಬೇಕೋ ಅಲ್ಲಿ ಕಾಯಿ ಚೆಲ್ಲುತ್ತದೆ. ಕಷ್ಟ ಒತ್ತಿದರೆ ಮುಂದಿನ ಕಾಯಿ, ಅದರ ಮುಂದಿನ ಕಾಯಿ, ಅದರ ಮುಂದಿನದು ಎಲ್ಲವನ್ನೂ ಲೆಕ್ಕ ಹಾಕಿ ಇಡುತ್ತದೆ. ಚೆಲುವರಾಜು ಬಗ್ಗುತ್ತಿದ್ದದ್ದು ಅದಕ್ಕೇ. ಅಣ್ಣನಿಗೆ ಯಾವತ್ತೂ ಸುಲಭವನ್ನೇ ಒತ್ತಿಕೊಟ್ಟ.

ನಮ್ಮ ಕಡೆಯವರಿಗೆ ಇದು ಹೊಳೆಯುವುದಾದರೂ ಹೇಗೆ? ಒಬ್ಬ ಆಟಗಾರ ಎಂದರೆ ಒಬ್ಬನೇ. ಅವನ ಕೈ ಇವತ್ತು ಎಷ್ಟೋ ನಾಳೆಯೂ ಸುಮಾರು ಅಷ್ಟೇ. ಆ ಡಬ್ಬವನ್ನೂ ನಾವು ಹಾಗೇ ಒಬ್ಬ ಆಸಾಮಿ ಎಂದು ಎಣಿಸಿದೆವು, ಜವರಯ್ಯನ ಕೈಯಲ್ಲಿ ಸೋತ ಆಸಾಮಿ ಎಂದು.

ಪಾಲಿನ ದಿನ ಮಾರಿಗುಡಿ ಮುಂದೆ ಊರು ಸೇರಿತು. ಚಪ್ಪಡಿ ತೊಳೆದಿತ್ತು. ಜವರಯ್ಯ ಆಗಲೇ ಚಕ್ಕಳಮಕ್ಕಳ ಹಾಕಿ ಕೂತು ಹುಣಸೆ ಬೀಜ ಆಯುತ್ತಿದ್ದ.

"ಚೆಲುವರಾಜು, ನೀನೇ ಕೂರ್ತೀಯೋ, ಬದಲಿ ಕೂರಿಸ್ತೀಯೋ?" ಎಂದು ಮಂಟಯ್ಯ ಕೇಳಿದ.

"ಬದಲಿ ಕೂರಿಸ್ತೀನಿ ಯಜಮಾನ್ರೇ."

"ಯಾರ್ನಪ್ಪ?"

"ನಮ್ ಡಬ್ಬನ."

ಎಲ್ಲರೂ ಗೊಳ್ಳೆಂದರು. "ಮೂಗಿಲ್ಲ ಬಾಯಿಲ್ಲ, ಅದೆಂಗ್ಲಾ ಬದಲಿ ಆದದು? ಸೋತ್ರೆ ಯಾರ ಮಕ ನೋಡಿ ನಗಾನ?" ಎಂದು ಒಬ್ಬ ಕೂಗಿದ.

ಚೆಲುವರಾಜು ನಗಲಿಲ್ಲ. "ಕಟ್ಟಳೆ ಏನದೆ ಯಜಮಾನ್ರೇ? ಅಣ್ಣನ ಕೈಲಿ ಸೋತಿರಬೇಕು, ನಾಲ್ಕು ಜನ ಕಂಡಿರಬೇಕು. ಸೋತಿಲ್ವಾ? ನೀವ್ಯಾರೂ ಕಂಡಿಲ್ವಾ? ಮೂಗಿರಬೇಕು ಅಂತ ಕಟ್ಟಳೆ ಅದಾ?"

ಮಂಟಯ್ಯ ಗಡ್ಡ ಕೆರೆದುಕೊಂಡ. ಕಟ್ಟಳೆಯಲ್ಲಿ ಮೂಗಿನ ಮಾತಿರಲಿಲ್ಲ. "ಜವರಯ್ಯ, ನಿನ್ ಮಾತೇನು?" ಎಂದ.

ಹುಣಸೆ ಮರದ ಕೆಳಗೆ ಹೆಂಗಸರ ನಡುವೆ ಕೂತಿದ್ದ ಕುಳ್ಳಮ್ಮ ಎದ್ದು ನಿಂತಳು. "ಬ್ಯಾಡ ಕಣ. ಕಲ್ಲಿನ ಮ್ಯಾಲೇ ಆಡು. ಅವನೇ ಕೂರ್ಲಿ. ಆ ಡಬ್ಬ ಅವನ ಮನೆಯದು, ಅವನ ಅನ್ನ ಉಂಡದ್ದು."

"ಡಬ್ಬ ಅನ್ನ ಉಂಡದಾ? ಕರೆಂಟು ಉಂಡದೆ," ಎಂದ ಜವರಯ್ಯ. ಗಂಡಸರೆಲ್ಲ ನಕ್ಕರು. ನಗು ಕೇಳಿ ಅವನ ಕುತ್ತಿಗೆ ಇನ್ನಷ್ಟು ನೆಟ್ಟಗಾಯಿತು. "ಕೂತ್ಕೊ ಅತ್ತಾಗೆ. ಇವ್ನು ಕೂತ್ರೂ ಅಷ್ಟೇ, ಇವನ ಡಬ್ಬ ಕೂತ್ರೂ ಅಷ್ಟೇ. ಅದ್ನ ಎಷ್ಟ್ ಸಲ ಮಣ್ಣು ಮುಕ್ಕಿಸಿಲ್ಲ ನಾನು? ತರ್ಸೋ ಚೆಲುವ!"

ತರಿಸುವುದೇನು ಬಂತು, ಆಟೋ ಆಗಲೇ ಗುಡಿಯ ಹಿಂದೆ ನಿಂತಿತ್ತು. ನಂಜುಂಡಸ್ವಾಮಿ ಪರದೆಯನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ತಂದು ಚಪ್ಪಡಿಯ ಮೇಲೆ, ಕೊರೆದ ಮನೆಗಳ ಮೇಲೆಯೇ ಇಟ್ಟ. ಗುಡಿಯಿಂದ ವೈರು ಎಳೆದರು. ಕರೆಂಟು ಹೋದರೆ ಇರಲಿ ಎಂದು ಯುಪಿಎಸ್ಸನ್ನೂ ತಂದಿದ್ದರು. ಚೆಲುವರಾಜು ಬಗ್ಗಿ ಆಟ ತೆರೆದ, ಹಿಂದೆ ಸರಿದು ಕೈ ಕಟ್ಟಿದ.

ಜವರಯ್ಯ ಎಂದಿನಂತೆ ಮೂಲೆಯಿಂದ ಶುರು ಮಾಡಿದ. ಡಬ್ಬ ನಡುಮನೆಗೆ ಒಂದು ಬಿಳಿ ಇಟ್ಟಿತು. ಅವನು ಸೀಳಲು ಹೋದ, ಅದು ಒಂದು ಮನೆ ಬಿಟ್ಟು ದೂರದಲ್ಲಿ ಇಟ್ಟಿತು. "ನೋಡ್ರಪ್ಪ, ಎದರ್ಕೊಂಡು ಓಡ್ತಾ ಅದೆ," ಎಂದ. ಓಡುತ್ತಿರಲಿಲ್ಲ. ಆ ದೂರದ ಕಾಯಿಗೂ ನಡುವಿನ ಕಾಯಿಗೂ ಬೇಲಿ ಕೂಡಿದಾಗ ಅವನ ಒಂದು ಕಡೆಯ ಕಾಯಿಗಳೆಲ್ಲ ಒಳಗಿದ್ದವು. ಪರದೆಯ ಮೇಲೆ ಅವು ಕಂದು ಬಣ್ಣ ಬಿಟ್ಟು ಬೂದಿಯಾದವು.

ನಗು ನಿಂತಿತು. ಜವರಯ್ಯ ಹಣೆ ಒರೆಸಿಕೊಂಡ. ಈಗ ನಿಧಾನಿಸಿ ನಿಧಾನಿಸಿ ಇಡತೊಡಗಿದ. ಡಬ್ಬ ನಿಧಾನಿಸಲಿಲ್ಲ. ಇವನ ಬೆರಳು ಮೇಲೆದ್ದರೆ ಸಾಕು, ಟಕ್ಕೆಂದು ಉತ್ತರ ಬೀಳುತ್ತಿತ್ತು. ಇನ್ನೊಂದು ಮೂಲೆ ಬೂದಿಯಾಯಿತು. ನಮ್ಮ ಆಟದಲ್ಲಿ ಜಾಗ ತುಂಬುವ ಮೊದಲು ಏಳುವಂತಿಲ್ಲ. ಸೋತದ್ದು ಕಣ್ಣಿಗೆ ಕಂಡರೂ ಕೊನೆಯ ಮನೆಯ ತನಕ ಕಾಯಿ ಇಡಲೇಬೇಕು. ಜವರಯ್ಯ ಇಟ್ಟ. ಇಟ್ಟ ಪ್ರತಿಯೊಂದೂ ಸತ್ತಿತು. ಒಂದು ನಾಯಿ ಬಂದು ವೈರು ಮೂಸಿ ಹೋಯಿತು, ಓಡಿಸಬೇಕೆಂದು ಯಾರಿಗೂ ತೋಚಲಿಲ್ಲ.

"ಬ್ಯಾರನ್ ಇರೋ ಪಾಲು ನಂದು," ಎಂದ ಚೆಲುವರಾಜು.

ಆಮೇಲೆ ಹುಣಸೆ ಮರದ ಕಡೆ ತಿರುಗಿ, "ಅತ್ತಿಗೆ, ಸೊಪ್ಪು ಕಟ್ಟಕೆ ನೀವೇ ಬಂದ್ಬುಡಿ. ಬೇರೆಯೋರ್ನ ಯಾಕೆ ಕರೀಲಿ? ಕೆಲಸ ಗೊತ್ತಿರೋರು ನೀವು," ಎಂದ. ಅಣ್ಣನ ಕಡೆ ತಿರುಗಿ, "ಬೆಂಕಿ ನೋಡ್ಕೊಳ್ಳೋಕೆ ಹುಣಸೂರಿಂದ ಒಬ್ಬ ಬತ್ತಾವ್ನೆ ಕಣಣ್ಣ. ಅವ್ನು ರಜ ಹಾಕಿದ್ ದಿನ ಬೇಕಾದ್ರೆ ನೀನು ಬಾ," ಎಂದ.

ಸೊಪ್ಪು ಮುರಿಯುವ ಕಾಲ ಬಂತು. ಕುಳ್ಳಮ್ಮ ಹೋದಳು, ಹೋಗದೆ ಏನು ಮಾಡಿಯಾಳು. ತಾನು ಸಾರಿಸಿದ ನೆಲದ ಮೇಲೆ ಕೂಲಿಯವರ ಸಾಲಿನಲ್ಲಿ ಕೂತು ಕಡ್ಡಿಗೆ ಸೊಪ್ಪು ಕಟ್ಟಿದಳು. ಸೊಪ್ಪಿನ ಅಂಟಿನಿಂದ ಬೆರಳೆಲ್ಲ ಕಪ್ಪು. ಹುಣಸೂರಿನ ಆಸಾಮಿ ಬೆಂಕಿಗೆ ಸೌದೆ ತುರುಕುತ್ತಾ, "ಏ ಅಮ್ಮ, ಬಿಗಿಯಾಗಿ ಕಟ್ಟು," ಎಂದರೆ ಬಿಗಿಯಾಗಿ ಕಟ್ಟಿದಳು. ಜವರಯ್ಯ ನಾಲೆಯ ತುದಿಗೆ ಹೋಗಿ ಬದುವಿನ ಮೇಲೆ ಕೂರುತ್ತಿದ್ದ. ಮಾತು ತೆಗೆದರೆ ಒಂದೇ. "ಅವತ್ತು ಡಬ್ಬಕ್ಕೆ ಅದೃಷ್ಟ ಕಣ್ರಪ್ಪ. ಇಲ್ದೆ ಇದ್ರೆ ನನ್ ಕೈಲಿ ಎಷ್ಟ್ ಸಲ ಸೋತಿಲ್ಲ ಅದು?"

ಪುಟ್ಟಿಯನ್ನು ಮಾತ್ರ ಚೆಲುವರಾಜು ತನ್ನ ಸೆಂಟರಿನಲ್ಲಿ ಪಾಠಕ್ಕೆ ಸೇರಿಸಿಕೊಂಡಿದ್ದ. ಅಣ್ಣನ ಮಗಳು, ಫೀಸು ಬೇಡ ಎಂದಿದ್ದ. ಒಂದು ಮಧ್ಯಾಹ್ನ ಚಿಕ್ಕಪ್ಪ ಊಟಕ್ಕೆ ಹೋಗಿದ್ದಾಗ ಅವಳು ಆ ಆಟವನ್ನು ತಾನೇ ತೆರೆದಳು. ಮೂರು ಮಾತು ಕಂಡವು. ಸುಲಭ ಒತ್ತಿ ಆಡಿದಳು, ಗೆದ್ದಳು. ಕಷ್ಟ ಒತ್ತಿ ಆಡಿದಳು. ಕಾಯಿಗಳು ಬೂದಿಯಾದವು, ಮಾರಿಗುಡಿ ಮುಂದೆ ಆದ ಹಾಗೆಯೇ. ಪುಟ್ಟಿ ದಡ್ಡಿಯಲ್ಲ.

ಊರಿಗೆ ಬಂದವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ಬ್ಯಾರನ್ನಿಗೆ ಹೋಗಿ ಅವ್ವನಿಗೆ ಹೇಳಿದಳು. ಕುಳ್ಳಮ್ಮ ಅರ್ಧ ಕಟ್ಟಿದ ಕಡ್ಡಿಯನ್ನು ಅಲ್ಲೇ ಹಾಕಿ, ಕಪ್ಪು ಕೈಯಲ್ಲೇ ಮಗಳ ರಟ್ಟೆ ಹಿಡಿದು ಮಂಟಯ್ಯನ ಮನೆ ಬಾಗಿಲಿಗೆ ಬಂದಳು.

ಮಾರನೆಯ ದಿನ ಮತ್ತೆ ಊರು ಸೇರಿತು. ನಾನೂ ಹೋಗಿ ಗುಡಿಯ ಜಗುಲಿಯ ತುದಿಯಲ್ಲಿ ಕೂತೆ. ಪುಟ್ಟಿ ಎಲ್ಲರ ಮುಂದೆ ನಿಂತು, ತಡವರಿಸದೆ, ಮೂರು ಮಾತಿನ ಗುಟ್ಟನ್ನು ಬಿಡಿಸಿ ಹೇಳಿದಳು. ಮಂಟಯ್ಯ ಎರಡೆರಡು ಸಲ ಕೇಳಿ ಅರ್ಥ ಮಾಡಿಕೊಂಡ.

"ನಿಜನೇನಯ್ಯ ಚೆಲುವರಾಜು?"

"ನಿಜ. ಅಣ್ಣ ಕೇಳ್ಲಿಲ್ಲ, ನಾನು ಏಳ್ಲಿಲ್ಲ," ಎಂದ ಅವನು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಅಂಗಾದ್ರೆ ಕೂತ ಬದಲಿ ಸೋತವನಲ್ಲ!" ಕುಳ್ಳಮ್ಮ ಕೂಗಿದಳು. "ಸೋತದ್ದು ಬೇರೆ, ಕೂತದ್ದು ಬೇರೆ. ಆಟ ಬಿತ್ತು ಅನ್ನಿ ಯಜಮಾನ್ರೇ."

ಮಂಟಯ್ಯ ಕೈ ಎತ್ತಿ ಸುಮ್ಮನಾಗಿಸಿದ. "ನಾನು ಅನ್ನೋದಲ್ಲ ಕಣಮ್ಮ. ಗೆದ್ದೆ ಅಂತ ಹೇಳಿದೋನು ನಿನ್ ಗಂಡ, ಗೆಲ್ಲಲಿಲ್ಲ ಅಂತಾನೂ ಅವನೇ ಹೇಳಬೇಕು. ಜವರಯ್ಯ, ನಿನ್ ಬಾಯಲ್ಲೇ ಹೇಳು. ಆ ಡಬ್ಬನ ನೀನು ನಿಜವಾಗಿ ಸೋಲ್ಸಿದ್ಯೋ ಇಲ್ವೋ? ಇಲ್ಲ ಅಂದ್ರೆ ಆಟ ಬಿತ್ತು. ಈಗಿಂದೀಗ್ಲೇ ಕಲ್ಲಿನ ಮುಂದೆ ನೀವಿಬ್ರೇ ಕೂರಿ. ಬ್ಯಾರನ್ ಯಾರಿಗೆ ಹೋದದು ಅಂತ ನಂಗೂ ಗೊತ್ತು, ನಿಂಗೂ ಗೊತ್ತು."

ಒಂದು ಮಾತು. ಇಲ್ಲ ಎಂಬ ಒಂದು ಮಾತು ಸಾಕಾಗಿತ್ತು. ಚಪ್ಪಡಿ ಅಲ್ಲೇ ಇತ್ತು, ಹುಣಸೆ ಬೀಜ ಮರದ ಕೆಳಗೇ ಬಿದ್ದಿದ್ದವು. ಚೆಲುವರಾಜುವನ್ನು ಕಲ್ಲಿನ ಮೇಲೆ ಸೋಲಿಸಲು ಜವರಯ್ಯನಿಗೆ ಅರ್ಧ ಬೀಡಿ ಹೊತ್ತೂ ಬೇಡ.

ಅದು ಚೆಲುವರಾಜುವಿಗೂ ಗೊತ್ತಿತ್ತು. ಅವನು ಅಣ್ಣನ ಹತ್ತಿರಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ. ದನಿ ಮೆತ್ತಗಿತ್ತು, ಆದರೆ ಎಲ್ಲರಿಗೂ ಕೇಳಿಸುವಷ್ಟು.

"ನಿನ್ ಬಾಯಲ್ಲೇ ಏಳಣ್ಣ. ಪಿರಿಯಾಪಟ್ಟಣದ ಜನ ಅಷ್ಟ್ ದಿನ ಚಪ್ಪಾಳೆ ಹೊಡೆದದ್ದು ಯಾಕೆ ಅಂತ ಏಳು. ಅಂಗನವಾಡಿ ಮಕ್ಕಳು ಗೆಲ್ಲೋ ಆಟ ಗೆದ್ದು ತೊಡೆ ತಟ್ತಿದ್ದೆ ಅಂತ ಏಳು. ತಮ್ಮ ಟೀ ಕುಡಿಸಿ ಕುಡಿಸಿ ಕುಣಿಸ್ದ, ನಾನು ಬಿಳಿ ಅಂಗಿ ಹಾಕ್ಕೊಂಡು ಬಸ್ ಹತ್ಕೊಂಡ್ ಹೋಗಿ ಕುಣಿದೆ ಅಂತ ಏಳು. ಇಲ್ಲಿ ಎಲ್ಲಾರೂ ಅವ್ರೆ, ಕೇಳಿಸ್ಕೊಳ್ಲಿ. ಏಳ್ಬುಟ್ಟು ಬ್ಯಾರನ್ ತಗಾ."

ಯಾರೋ ಹಿಂದೆ ಕಿಸಕ್ಕೆಂದರು. ಒಬ್ಬರೇ, ಅದೂ ತಡೆಯಲಾರದೆ. ಜವರಯ್ಯನ ಕಿವಿ ಆ ಕಡೆ ತಿರುಗಿದ್ದನ್ನು ನಾನು ಕಂಡೆ.

"ಅಪ್ಪ," ಎಂದಳು ಪುಟ್ಟಿ. "ಇಲ್ಲ ಅನ್ನಪ್ಪ. ಅಷ್ಟೇ ಸಾಕು."

ಜವರಯ್ಯ ಎದ್ದು ನಿಂತ. ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಸುಲಬನೋ ಕಷ್ಟನೋ ನಂಗೆ ಗೊತ್ತಿಲ್ಲ," ಎಂದ. "ಆ ಡಬ್ಬನ ನಾನು ಸೋಲಿಸಿವ್ನಿ. ನನ್ ಕೈಲಿ ಸೋಲಿಸಿವ್ನಿ. ಗೆದ್ದಿದ್ದು ಗೆದ್ದಿದ್ದೇ."

"ಸರಿಯಾಗಿ ಯೋಚ್ನೆ ಮಾಡಿ ಹೇಳು," ಎಂದ ಮಂಟಯ್ಯ.

"ಗೆದ್ದಿವ್ನಿ ಅಂದ್ನಲ್ಲ! ಜವರಯ್ಯ ಆಡಿ ಗೆಲ್ದೆ ಇರೋ ಆಟ ಅದಾ? ಅವತ್ತೊಂದಿನ ಸೋತೆ, ಅಷ್ಟೇ."

ಮಂಟಯ್ಯ ಕುಳ್ಳಮ್ಮನ ಕಡೆ ಒಮ್ಮೆ ನೋಡಿದ. ಆಮೇಲೆ, "ಅಂಗಾದ್ರೆ ಬದಲಿ ಸರಿ, ಆಟ ಸರಿ," ಎಂದು ಎದ್ದುಬಿಟ್ಟ.

ಕುಳ್ಳಮ್ಮ ಅಳಲಿಲ್ಲ. ಗಂಡನ ಮುಂದೆ ಬಂದು ನಿಂತಳು. ಎಲ್ಲರೂ ಅವಳು ಬಯ್ಯುತ್ತಾಳೆಂದು ಕಾದರು. "ನಿನ್ ಗೆಲುವಿಗೆ ಉಪ್ಪಾಕ್ಕೊಂಡು ನೆಕ್ಕು," ಎಂದಷ್ಟೇ ಹೇಳಿ, ಬ್ಯಾರನ್ನಿನ ಕಡೆ ನಡೆದಳು. ಹಿಂದಿನ ದಿನ ಬಿಟ್ಟು ಬಂದ ಕಡ್ಡಿ ಇನ್ನೂ ಅರ್ಧದಲ್ಲೇ ಇತ್ತು, ಕಟ್ಟದಿದ್ದರೆ ಹುಣಸೂರಿನವನು ಅರ್ಧ ಕೂಲಿ ಹಿಡಿಯುತ್ತಿದ್ದ.

ಮುಂದಿನ ಸಂತೆಗೆ ನಾನು ಹುಣಸೂರಿನಿಂದ ಬರುತ್ತಾ ಪಿರಿಯಾಪಟ್ಟಣದಲ್ಲಿ ಬಸ್ ಬದಲಾಯಿಸಲು ಇಳಿದಿದ್ದೆ. ಸೆಂಟರಿನ ಬಾಗಿಲಲ್ಲಿ ಜನ. ಇಣುಕಿದರೆ ಜವರಯ್ಯ ಕೂತಿದ್ದ. ಅಂಗಿ ಮಡಿಯಾಗಿತ್ತು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ನಮ್ಮೂರಲ್ಲಿ ನಡೆದದ್ದು ಆ ಜನಕ್ಕೆ ಏನು ಗೊತ್ತು? "ಓಹೋ, ಬಂದ್ರಪ್ಪ ನಮ್ ಪೈಲ್ವಾನ್ರು!" ಎಂದು ಒಬ್ಬ ಕೂಗಿದ. ಜವರಯ್ಯ ಮೀಸೆಯ ಮೇಲೆ ಬೆರಳಾಡಿಸಿದ.

ಚೆಲುವರಾಜು ಯಾರದೋ ಜೆರಾಕ್ಸ್ ತೆಗೆಯುತ್ತಿದ್ದ. ಅಲ್ಲಿಂದಲೇ, "ಪುಟ್ಟಿ, ನಿಮ್ಮಪ್ಪಂಗೆ ಆಟ ತೆಕ್ಕೊಡಮ್ಮಿ," ಎಂದ.

ಪುಟ್ಟಿ ಬಂದು ಬಗ್ಗಿದಳು. ಪರದೆಯ ಮೇಲೆ ಮೂರು ಮಾತು ಮೂಡಿದವು. ಅವಳು ಕೈ ತಡೆದು, "ಯಾವುದ್ನ ಒತ್ಲಪ್ಪ?" ಎಂದು ಕೇಳಿದಳು.

ಜವರಯ್ಯ ಪರದೆ ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ಬಾಗಿಲಿನ ಕಡೆಯೇ ಮುಖ ಮಾಡಿ, ಯಾರಿಗೂ ಕೇಳದ ಹಾಗೆ, "ನಿಮ್ ಚಿಕ್ಕಪ್ಪ ಒತ್ತೋದ್ನೇ ಒತ್ತವ್ವ," ಎಂದ.

ನಾನು ಬಾಗಿಲ ಒಳಗಡೆಯೇ ನಿಂತಿದ್ದರಿಂದ ನನಗೆ ಕೇಳಿಸಿತು. ಹಾಗೆಂದರೆ ಅವನಿಗೆ ಗೊತ್ತಿತ್ತು. ಗುಡಿಯ ಮುಂದೆ ನಿಂತಾಗಲೂ ಗೊತ್ತಿತ್ತು.

ಪುಟ್ಟಿ ಅಪ್ಪನ ನೆತ್ತಿಯನ್ನೇ ಸ್ವಲ್ಪ ಹೊತ್ತು ನೋಡಿದಳು. ಅವಳ ರಟ್ಟೆಯ ಮೇಲೆ ರವಿಕೆಯ ತೋಳಿಗೆ ಅವ್ವನ ಬೆರಳಿನ ಕಪ್ಪು ಅಂಟಿಕೊಂಡಿತ್ತು, ಸೊಪ್ಪಿನ ಕರೆ ಒಗೆದರೂ ಹೋಗುವುದಿಲ್ಲ. ಅವಳು ಮೌಸನ್ನು ಕೆಳಕ್ಕೆ ಎಳೆದು ಮೂರನೆಯದನ್ನು ಒತ್ತಿ, ಹಿಂದೆ ಸರಿದು ನಿಂತಳು.

"ಆಡಪ್ಪ," ಎಂದಳು.

ಅವನು ಮೂಲೆಯಿಂದ ಶುರು ಮಾಡಿದ. ಡಬ್ಬ ನಡುಮನೆಗೆ ಇಟ್ಟಿತು. ಜವರಯ್ಯನ ಕೈ ಅಲ್ಲೇ ನಿಂತಿತು. ತಿರುಗಿ ಮಗಳನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಆಡಿ ಯಜಮಾನ್ರೇ, ಬಸ್ ಬಂದ್ಬುಡ್ತದೆ!" ಎಂದು ಹಿಂದಿನವರು ಅವಸರಿಸಿದರು.

ಆಡಿದ. ಮೊದಲ ಮೂಲೆ ಬೂದಿಯಾದಾಗ ಒಬ್ಬ ಲೊಚಗುಟ್ಟಿದ. ಎರಡನೆಯದು ಹೋದಾಗ, "ಏನ್ರೀ ಇದು, ವಯಸ್ಸಾಯ್ತಾ ಪೈಲ್ವಾನ್ರಿಗೆ?" ಎಂದ ಇನ್ನೊಬ್ಬ. ನಗು ಎದ್ದಿತು. ಚೆಲುವರಾಜು ಜೆರಾಕ್ಸ್ ಯಂತ್ರದ ಮೇಲೆ ಮೊಣಕೈ ಊರಿ ಪರದೆಯನ್ನೂ ಪುಟ್ಟಿಯನ್ನೂ ನೋಡಿದ. ಅವನು ನಗಲಿಲ್ಲ, ಬೇಡವೆನ್ನಲೂ ಇಲ್ಲ. ಪಿರಿಯಾಪಟ್ಟಣದ ಜನದ ಮುಂದೆ ಅಣ್ಣನನ್ನು ಸೋಲಿಸುವಷ್ಟನ್ನು ಅವನೂ ಮಾಡಿರಲಿಲ್ಲ.

ಬೆಟ್ಟದಪುರದ ಬಸ್ ಬಂದು ಹಾರನ್ ಹೊಡೆಯಿತು. ಸೋಲುವವನನ್ನು ನೋಡಲು ಬಸ್ ಬಿಡುವವರು ಯಾರು? ಜನ ಒಬ್ಬೊಬ್ಬರಾಗಿ ಕರಗಿದರು. ನನ್ನದೂ ಅದೇ ಬಸ್. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಲ್ಲಿಂದ ಸೆಂಟರಿನ ಒಳಗೆ ಕಾಣುತ್ತಿತ್ತು. ಜಾಗ ಇನ್ನೂ ತುಂಬಿರಲಿಲ್ಲವೇನೋ, ಜವರಯ್ಯ ಒಂದೊಂದಾಗಿ ಒತ್ತುತ್ತಲೇ ಇದ್ದ, ಪುಟ್ಟಿ ಅವನ ಬೆನ್ನ ಹಿಂದೆ ನಿಂತೇ ಇದ್ದಳು.